ಇಂಗ್ಲಿಷ್ ಶಬ್ದಾರ್ಥಗಳ ಅಕಾರಾದಿ

ನಾವು ಓದಿದ ಶಾಲೆಯ ಕಪಾಟಿನಲ್ಲಿ ಒಂದು ಇಂಗ್ಲಿಷ್-ಕನ್ನಡ ನಿಘಂಟು ಇತ್ತು. ಅದಕ್ಕೆ ರಟ್ಟೂ ಇರಲಿಲ್ಲ, ಮುಖಪುಟವೂ ಇರಲಿಲ್ಲ. 'ಬಿ' ಅಕ್ಷರದ ನಡುವೆಲ್ಲೋ ಅದು ಆರಂಭವಾಗುತ್ತಿತ್ತು. ಅದಕ್ಕೆ ಹಿಂದಿನ ಹಾಳೆಗಳು ನಮಗಿಂತ ಮುಂಚಿನ ವಿದ್ಯಾರ್ಥಿಗಳ ಕೈಯಲ್ಲಿ ಸವೆದು ಉದುರಿಹೋಗಿದ್ದವು. ಆದಕಾರಣ 'ಸಿ'ಯಿಂದ ಮುಂದಿನ ಶಬ್ದಗಳ ಅರ್ಥವನ್ನು ನಾವೇ ಹುಡುಕಿಕೊಳ್ಳುತ್ತಿದ್ದೆವು; 'ಎ'ಯಿಂದ ಆರಂಭವಾಗುವ ಶಬ್ದವೊಂದು ಪಾಠದಲ್ಲಿ ಬಂದರೆ ಉಪಾಧ್ಯಾಯರನ್ನೇ ಕೇಳಬೇಕಾಗಿತ್ತು. ಒಂದು ವರ್ಷ ನಮಗೆ ಇಂಗ್ಲಿಷ್ ಕಲಿಸಲು ಬಂದವರಿಗೆ ಕನ್ನಡ ಬರುತ್ತಿರಲಿಲ್ಲ. ಅವರು ಸಜ್ಜನರು, ಕೇಳಿದ ಶಬ್ದದ ಅರ್ಥವನ್ನು ಬೇಸರಿಸದೆ ಮಲೆಯಾಳದಲ್ಲಿ ಹೇಳುತ್ತಿದ್ದರು. ಮನೆಯಲ್ಲಿ ಮಲೆಯಾಳವನ್ನಾಡುವ ಹುಡುಗರು ಅದನ್ನು ಹಿಡಿದು ಕನ್ನಡಕ್ಕೆ ತಿರುಗಿಸಿ, ತುಳುವನ್ನೋ ಕನ್ನಡವನ್ನೋ ಆಡುವ ನಮ್ಮಂಥವರಿಗೆ ಕೊಡುತ್ತಿದ್ದರು. ಹೀಗೆ ಆ ವರ್ಷ 'ಎ' ಅಕ್ಷರದ ಶಬ್ದಗಳೆಲ್ಲ ಎರಡು ಮೂರು ಕೈ ದಾಟಿ ನಮಗೆ ಸಿಕ್ಕಿದವು. 'ಸಿ' ಅಕ್ಷರದ ಶಬ್ದಗಳು ಮಾತ್ರ ಯಾರ ಹಂಗೂ ಇಲ್ಲದೆ ಸಿಕ್ಕಿದವು. ಕಾಸರಗೋಡಿನ ಕಡೆಯ ಕನ್ನಡ ಮಾಧ್ಯಮದ ಶಾಲೆಗಳನ್ನು ಬಲ್ಲವರಿಗೆ ಇದು ಹೊಸ ಕತೆಯಲ್ಲ.

ಅರ್ಥ ತಿಳಿಯದ ಶಬ್ದವನ್ನು ಅಕ್ಷರದ ಕ್ರಮವನ್ನು ಹಿಡಿದು ತಾನೇ ಹುಡುಕಿಕೊಳ್ಳುವ ಈ ಸೌಕರ್ಯ ಇಂಗ್ಲಿಷರಿಗೂ ಮೊದಲಿನಿಂದ ಇದ್ದುದಲ್ಲ. ಅದನ್ನು ಅವರಿಗೆ ಮೊತ್ತಮೊದಲು ಒದಗಿಸಿಕೊಟ್ಟವನು ನಮ್ಮಂತೆಯೇ ಹಳ್ಳಿಗಾಡಿನ ಒಬ್ಬ ಉಪಾಧ್ಯಾಯ. ಅವನ ಹೆಸರು ರಾಬರ್ಟ್ ಕಾಡ್ರಿ.

ಅವನ ಕತೆಗೆ ಮೊದಲು ಕ್ರಮದ ವಿಚಾರವನ್ನು ಸ್ವಲ್ಪ ನೋಡಬೇಕು. ನಮ್ಮ ಪೂರ್ವಿಕರಿಗೆ ನಿಘಂಟು ಹೊಸದಲ್ಲ. ಹತ್ತನೆಯ ಶತಮಾನದ 'ರನ್ನಕಂದ', ನಾಗವರ್ಮನ 'ಅಭಿಧಾನ ವಸ್ತುಕೋಶ', ಮಂಗರಾಜನ ನಿಘಂಟು ಮುಂತಾದುವು ಕನ್ನಡದಲ್ಲಿ ಆಗಲೇ ಇದ್ದವು. ಅವುಗಳೆಲ್ಲ ಪದ್ಯರೂಪದವು; ಕಂಠಪಾಠಕ್ಕೆಂದು ಹುಟ್ಟಿದವು. ಸಂಸ್ಕೃತದ ಅಮರಕೋಶದಲ್ಲಿ ಶಬ್ದಗಳು ವರ್ಗವರ್ಗವಾಗಿ ಬರುತ್ತವೆ: ಸ್ವರ್ಗದ ಹೆಸರುಗಳು ಒಂದೆಡೆ, ನೀರಿನವು ಒಂದೆಡೆ, ಕಾಡಿನ ಗಿಡಮರಗಳವು ಮತ್ತೊಂದೆಡೆ. ಅಕ್ಷರದ ಕ್ರಮವೂ ಅಲ್ಲಿ ಅಜ್ಞಾತವಲ್ಲ. ನಾನಾರ್ಥವರ್ಗದಲ್ಲಿ ಶಬ್ದಗಳನ್ನು ಕೊನೆಯ ವ್ಯಂಜನವನ್ನು ಹಿಡಿದು, ಕಕಾರಾಂತ, ಖಕಾರಾಂತ ಎಂದು ಜೋಡಿಸಿದ್ದಾರೆ. ಪದ್ಯ ಕಟ್ಟುವವನಿಗೆ ಇದು ಬಲು ಅನುಕೂಲ. ವಸ್ತು ಅವನಿಗೆ ತಿಳಿದಿದೆ. ಅದಕ್ಕೆ ಇನ್ನೂ ನಾಲ್ಕು ಹೆಸರು ಬೇಕಾಗಿದೆ. ಆದರೆ ಪುಸ್ತಕವನ್ನೋದುತ್ತ ಅಪರಿಚಿತ ಶಬ್ದಕ್ಕೆ ಎಡವಿದವನ ಪಾಡೇ ಬೇರೆ. ಆ ಶಬ್ದ ಗಿಡದ ಹೆಸರೋ ದೇವರ ಹೆಸರೋ ಎಂಬುದೇ ತಿಳಿಯದಿರುವಾಗ ಯಾವ ವರ್ಗದಲ್ಲಿ ಹುಡುಕಬೇಕು? ಕೋಶವೆಲ್ಲ ಬಾಯಿಗೆ ಬರುವವನಿಗೆ ಮಾತ್ರ ಅದು ಒಲಿಯುತ್ತದೆ. ಉಳಿದವನು ಗುರುಗಳ ಮನೆಗೆ ಹೋಗಬೇಕು.

ಯೂರೋಪಿನಲ್ಲಿಯೂ ಬಹುಕಾಲ ಹೀಗೆಯೇ ಇತ್ತು. ಅಕ್ಷರಕ್ರಮದ ಪಟ್ಟಿಗಳು ಲ್ಯಾಟಿನ್ ಪಂಡಿತರಲ್ಲಿ ಇದ್ದವಾದರೂ ಎಷ್ಟೋ ಪಟ್ಟಿಗಳಲ್ಲಿ ಮೊದಲನೆಯ ಅಕ್ಷರವನ್ನಷ್ಟೇ ಗಮನಿಸುತ್ತಿದ್ದರು. 1286ರಲ್ಲಿ ಜಿನೋವದ ಸನ್ಯಾಸಿ ಜೊಹಾನೆಸ್ ಬಾಲ್ಬಸ್ ಎಂಬಾತನು 'ಕಥೊಲಿಕಾನ್' ಎಂಬ ಲ್ಯಾಟಿನ್ ಕೋಶವನ್ನು ಮುಗಿಸಿದಾಗ, 'ಎ'ಯು 'ಬಿ'ಗಿಂತ ಮುಂಚಿನದಾದ ಕಾರಣ 'ಆಮೊ' ಎಂಬ ಶಬ್ದ 'ಬಿಬೊ' ಎಂಬುದಕ್ಕಿಂತ ಮೊದಲು ಬರುತ್ತದೆ ಎಂದು ಓದುಗರಿಗೆ ಉದಾಹರಣೆ ಸಹಿತ ತಿಳಿಸಿ ಹೇಳಬೇಕಾಯಿತು. ಇಂದು ನಾಲ್ಕನೆಯ ತರಗತಿಯ ಮಗುವಿಗೆ ಗೊತ್ತಿರುವ ಸಂಗತಿಯನ್ನು ಅಂದು ವಿದ್ವಾಂಸರಿಗೆ ವಿವರಿಸಬೇಕಾಗಿತ್ತು. ಇದರಲ್ಲಿ ನಗುವುದಕ್ಕೇನೂ ಇಲ್ಲ. ನಮ್ಮ ವರ್ಣಮಾಲೆಗಾದರೋ ಒಂದು ಯುಕ್ತಿಯಿದೆ. ಕಂಠದಿಂದ ತುಟಿಯವರೆಗೆ ಧ್ವನಿ ಹುಟ್ಟುವ ಸ್ಥಾನಗಳನ್ನನುಸರಿಸಿ ಕವರ್ಗ, ಚವರ್ಗ, ಟವರ್ಗಗಳು ಸಾಗುತ್ತವೆ. 'ಎ'ಯ ಬಳಿಕ 'ಬಿ' ಏಕೆ, 'ಬಿ'ಯ ಬಳಿಕ 'ಸಿ' ಏಕೆ ಎಂದು ಕೇಳಿದರೆ, ಫಿನೀಷಿಯದ ವರ್ತಕರ ಕಾಲದಿಂದ ಹಾಗೆ ಹೇಳಿಕೊಂಡು ಬಂದಿದ್ದಾರೆ ಎಂಬುದಕ್ಕಿಂತ ಹೆಚ್ಚಿನ ಉತ್ತರವಿಲ್ಲ. ಯುಕ್ತಿಯಿಲ್ಲದ ಕ್ರಮವಾದುದರಿಂದ ಅದನ್ನು ಬಾಯಿಪಾಠ ಮಾಡದೆ ಗತ್ಯಂತರವಿಲ್ಲ. 'ಅಕಾರಾದಿ' ಎಂದು ಇಂಗ್ಲಿಷಿನ ಕ್ರಮಕ್ಕೂ ನಾವು ಹೇಳುವುದು ಒಂದು ಉಪಚಾರ.

ಕಾಡ್ರಿಯು 1563ರಲ್ಲಿ ಇಂಗ್ಲೆಂಡಿನ ರಟ್ಲಂಡ್ ಸೀಮೆಯ ಓಕಮ್ ಎಂಬ ಊರಿನಲ್ಲಿ ಶಾಲೆಯ ಉಪಾಧ್ಯಾಯನಾದನು. ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತಿದವನಲ್ಲ. ಕೆಲವು ವರ್ಷಗಳ ಮೇಲೆ ಪಾದ್ರಿಯ ದೀಕ್ಷೆ ಪಡೆದು, 1571ರಲ್ಲಿ ಸಮೀಪದ ಸೌತ್ ಲಫೆನಮ್ ಗ್ರಾಮದ ದೇವಾಲಯಕ್ಕೆ ನಿಯಮಿತನಾದನು. ಅಧಿಕೃತ ಪ್ರಾರ್ಥನಾಗ್ರಂಥವನ್ನು ಒಪ್ಪದೆ ಅದಕ್ಕೆ ವಿರುದ್ಧವಾಗಿ ಉಪದೇಶ ಮಾಡಿದನೆಂಬ ಆಪಾದನೆಯು ಅವನ ಮೇಲೆ ಬಂದಿತು. ಬಿಷಪ್ಪರು ವಿಚಾರಣೆಗೆ ಕರೆದರು, ಅವನು ಮಣಿಯಲಿಲ್ಲ, ಹುದ್ದೆ ಹೋಯಿತು. ರಾಣಿ ಎಲಿಜಬೆತ್ತಳ ಮಂತ್ರಿಯಾದ ಲಾರ್ಡ್ ಬರ್ಲಿಯವರಲ್ಲಿ ಮೊರೆಯಿಟ್ಟನು, ನ್ಯಾಯಾಲಯಕ್ಕೂ ಹೋದನು. 1591ರಲ್ಲಿ ತೀರ್ಪು ಅವನಿಗೆ ವಿರೋಧವಾಯಿತು. ಧರ್ಮದ ವಿಷಯದಲ್ಲಿ ರಾಜಸತ್ತೆಯ ಅಧಿಕಾರವೆಷ್ಟು ಎಂಬುದಕ್ಕೆ 'ಕಾಡ್ರಿ ಪ್ರಕರಣ'ವನ್ನು ಇಂಗ್ಲಿಷ್ ಕಾನೂನಿನ ಪುಸ್ತಕಗಳು ಇಂದಿಗೂ ಹೆಸರಿಸುತ್ತವೆ. ವಕೀಲರಿಗೆ ಅವನು ಸೋತ ಕಕ್ಷಿಗಾರ. ನಮಗೆ ಬೇಕಾದುದು ಅವನು ಸೋತ ಮೇಲೆ ಮಾಡಿದ ಕೆಲಸ.

1604ರಲ್ಲಿ, ಅರುವತ್ತು ದಾಟಿದ ಮೇಲೆ, ಅವನು ಲಂಡನ್ನಿನಲ್ಲಿ ಒಂದು ಚಿಕ್ಕ ಪುಸ್ತಕವನ್ನು ಅಚ್ಚು ಹಾಕಿಸಿದನು. ಅದರ ಹೆಸರು 'ಎ ಟೇಬಲ್ ಆಲ್ಫಬೆಟಿಕಲ್', ಅಂದರೆ ಅಕಾರಾದಿಯ ಪಟ್ಟಿ. ಸುಮಾರು 2,500 ಕಠಿನವಾದ ಇಂಗ್ಲಿಷ್ ಶಬ್ದಗಳು. ಒಂದೊಂದಕ್ಕೂ ಸುಲಭವಾದ ಇಂಗ್ಲಿಷಿನಲ್ಲಿ ಅರ್ಥ. ಲ್ಯಾಟಿನಿಗೆ ಇಂಗ್ಲಿಷಿನಲ್ಲಿ ಅರ್ಥ ಹೇಳುವ ದೊಡ್ಡ ಕೋಶಗಳು ಆಗಲೇ ಇದ್ದವು. ಇಂಗ್ಲಿಷ್ ಶಬ್ದಕ್ಕೆ ಇಂಗ್ಲಿಷಿನಲ್ಲೇ ಅರ್ಥ ಹೇಳುವ ಪ್ರತ್ಯೇಕ ಗ್ರಂಥ ಮಾತ್ರ ಇದಕ್ಕೆ ಮೊದಲು ಇರಲಿಲ್ಲ. ಇದರ ಸಾಮಗ್ರಿಯ ಬಹುಭಾಗ ಅವನದೇ ಅಲ್ಲ. ಎಡ್ಮಂಡ್ ಕೂಟ್ ಎಂಬ ಇನ್ನೊಬ್ಬ ಉಪಾಧ್ಯಾಯನು 1596ರಲ್ಲಿ ಪ್ರಕಟಿಸಿದ ಪಠ್ಯಪುಸ್ತಕದ ಕೊನೆಯ ಶಬ್ದಪಟ್ಟಿಯನ್ನೂ, ಥಾಮಸ್ ಥಾಮಸನ ಲ್ಯಾಟಿನ್ ನಿಘಂಟನ್ನೂ ಅವನು ಧಾರಾಳವಾಗಿ ಬಳಸಿಕೊಂಡನು. ಅದನ್ನು ಪರಿಷ್ಕರಿಸುವಲ್ಲಿ ಅವನಿಗೆ ನೆರವಾದ ಮಗ ಥಾಮಸನೂ ಉಪಾಧ್ಯಾಯನೇ.

ಯಾರಿಗೆ ಈ ಪುಸ್ತಕ? ಸ್ತ್ರೀಯರಿಗೆ ಮತ್ತು ವಿದ್ಯೆಯ ಪರಿಚಯವಿಲ್ಲದ ಇತರರಿಗೆ ಎಂದು ಮುಖಪುಟದಲ್ಲೇ ಅಚ್ಚಾಗಿದೆ. ಲ್ಯಾಟಿನ್ ಕಲಿಸುವ ಶಾಲೆಗಳ ಬಾಗಿಲು ಆಗ ಹೆಣ್ಣುಮಕ್ಕಳಿಗೆ ತೆರೆದಿರಲಿಲ್ಲ. ಆದರೆ ಧರ್ಮಗ್ರಂಥವನ್ನೂ ಉಪದೇಶಗಳನ್ನೂ ಅವರು ಇಂಗ್ಲಿಷಿನಲ್ಲಿ ಓದುತ್ತಿದ್ದರು, ಕೇಳುತ್ತಿದ್ದರು. ಆ ಇಂಗ್ಲಿಷಿನ ತುಂಬ ಲ್ಯಾಟಿನ್, ಗ್ರೀಕ್, ಫ್ರೆಂಚ್ ಶಬ್ದಗಳು. ಕಾಡ್ರಿಯು ಫ್ರೆಂಚಿನಿಂದ ಬಂದ ಶಬ್ದಕ್ಕೆ ಒಂದು ಗುರುತನ್ನೂ ಗ್ರೀಕಿನಿಂದ ಬಂದುದಕ್ಕೆ ಇನ್ನೊಂದನ್ನೂ ಹಾಕಿದನು. ಮುನ್ನುಡಿಯಲ್ಲಿ, ದೂರದೇಶದ ಮಾತುಗಳನ್ನು ತಂದು ತುಂಬುವವರನ್ನು ತನಗಿಂತ ಐವತ್ತು ವರ್ಷ ಹಿಂದಿನ ಥಾಮಸ್ ವಿಲ್ಸನ್ ಎಂಬವನ ಮಾತನ್ನೇ ಎತ್ತಿಕೊಂಡು ಗೇಲಿ ಮಾಡುತ್ತಾನೆ: ಇಂಥವರು ತಮ್ಮ ತಾಯಿಯ ಭಾಷೆಯನ್ನು ಎಷ್ಟು ಮರೆತಿದ್ದಾರೆಂದರೆ, ಅವರ ತಾಯಂದಿರು ಬದುಕಿ ಬಂದರೂ ಮಕ್ಕಳು ಆಡುವುದೇನೆಂದು ಹೇಳಲಾರರು ಎಂಬುದು ಅದರ ತಾತ್ಪರ್ಯ. ಈ ಮಾತನ್ನು ಓದಿದಾಗ ನಮ್ಮ ಊರುಗಳ ನೆನಪಾಗದಿರುವುದು ಕಷ್ಟ.

ಆ ಪುಸ್ತಕದ ಅರ್ಥಗಳು ಬಲು ಚುಟುಕು. ಎಷ್ಟೋ ಶಬ್ದಗಳಿಗೆ ಇನ್ನೊಂದು ಶಬ್ದ, ಅಷ್ಟೇ. ಮೊಸಳೆ ಎಂದರೇನೆಂದು ನೋಡಿದರೆ 'ಒಂದು ಬಗೆಯ ಪ್ರಾಣಿ' ಎಂದು ಸಿಗುತ್ತದೆ. 'ಒಂದು ಬಗೆಯ' ಎಂಬುದನ್ನು ಮತ್ತೆಮತ್ತೆ ಬರೆಯುವ ಶ್ರಮ ತಪ್ಪಿಸಲು ಅವನು ಒಂದು ಅಕ್ಷರದ ಸಂಕೇತವನ್ನೇ ಇಟ್ಟುಕೊಂಡಿದ್ದನು. ನಮ್ಮ ನಿಘಂಟುಗಳಲ್ಲಿ 'ಪಕ್ಷಿವಿಶೇಷ', 'ವೃಕ್ಷವಿಶೇಷ' ಎಂಬ ಅರ್ಥಗಳನ್ನು ಕಂಡು ನಿರಾಶರಾದ ವಿದ್ಯಾರ್ಥಿಗಳು ಈ ವಂಶದ ಮೂಲಪುರುಷನನ್ನು ಇಲ್ಲಿ ಕಾಣಬಹುದು. ಪಟ್ಟಿಯ ಮೊದಲನೆಯ ಶಬ್ದ 'ಅಬ್ಯಾಂಡನ್'. ಕೈಬಿಡುವುದು, ತೊರೆಯುವುದು ಎಂಬುದು ಅದರ ಅರ್ಥ. ಹುದ್ದೆ ಕಳೆದುಕೊಂಡ ಮುದುಕನ ಪುಸ್ತಕ ಈ ಶಬ್ದದಿಂದ ಆರಂಭವಾದುದು ಅಕ್ಷರಕ್ರಮದ ಆಟವೇ ಹೊರತು ಅವನ ಉದ್ದೇಶವಲ್ಲ. ಆದರೂ ಹೇಳದಿರಲು ಮನಸ್ಸಾಗಲಿಲ್ಲ.

ಉಪಾಧ್ಯಾಯ ಮಿತ್ರರು ವಿಶೇಷವಾಗಿ ಗಮನಿಸಬೇಕಾದುದು ಅವನ ಮುನ್ನುಡಿಯ ಕೊನೆಯ ಭಾಗವನ್ನು. ನಿಘಂಟನ್ನು ನೋಡುವುದು ಹೇಗೆಂಬುದನ್ನು ಅಲ್ಲಿ ಅವನು ಪಾಠದಂತೆ ಹೇಳಿಕೊಡುತ್ತಾನೆ. ಮೊದಲು ಅಕ್ಷರಗಳ ಕ್ರಮವನ್ನು ಪುಸ್ತಕವಿಲ್ಲದೆ ಹೇಳುವಂತೆ ಕಲಿಯಬೇಕು. ಯಾವ ಅಕ್ಷರ ಎಲ್ಲಿದೆ, 'ಬಿ' ಮೊದಲಿನ ಸಮೀಪ, 'ಎನ್' ನಡುವೆ, 'ಟಿ' ಕೊನೆಯ ಕಡೆ ಎಂಬುದು ಮನಸ್ಸಿನಲ್ಲಿರಬೇಕು. ಹುಡುಕುವ ಶಬ್ದ 'ಎ'ಯಿಂದ ಆರಂಭವಾದರೆ ಪುಸ್ತಕದ ಮೊದಲಲ್ಲಿಯೂ 'ವಿ'ಯಿಂದ ಆರಂಭವಾದರೆ ಕೊನೆಯಲ್ಲಿಯೂ ನೋಡಬೇಕು. 'ಸಿ' ಮತ್ತು 'ಎ' ಕೂಡಿ ಬಂದರೆ 'ಸಿ'ಯ ಮೊದಲ ಭಾಗ. 'ಸಿ' ಮತ್ತು 'ಯು' ಕೂಡಿ ಬಂದರೆ 'ಸಿ'ಯ ಕೊನೆಯ ಭಾಗ. ನಾಲ್ಕು ಶತಮಾನಗಳ ಹಿಂದಿನ ಈ ಪಾಠಕ್ಕೆ ಸೇರಿಸಬೇಕಾದುದು ಇಂದಿಗೂ ಬಹಳವಿಲ್ಲ. ನಮ್ಮ ಅನುಭವದಲ್ಲಿ ಏಳನೆಯ ತರಗತಿಯ ಎಷ್ಟೋ ಮಕ್ಕಳು 'ಎ'ಯಿಂದ 'ಝಡ್' ವರೆಗೆ ಹಾಡಿನಂತೆ ಒಪ್ಪಿಸುತ್ತಾರೆ. 'ಕ್ಯೂ'ವಿನ ಹಿಂದಿನ ಅಕ್ಷರ ಯಾವುದೆಂದು ಕೇಳಿದರೆ ಮತ್ತೆ 'ಎ'ಯಿಂದ ಹಾಡಲು ತೊಡಗುತ್ತಾರೆ. ಹಾಡು ಬರುವುದು ಬೇರೆ, ಕ್ರಮ ಬರುವುದು ಬೇರೆ. ವಾರಕ್ಕೊಮ್ಮೆ ಹತ್ತು ನಿಮಿಷ ಶಬ್ದ ಹುಡುಕುವ ಪಂದ್ಯವನ್ನಿಟ್ಟರೆ ಒಂದು ತಿಂಗಳಲ್ಲಿ ಈ ದೋಷ ಹೋಗುತ್ತದೆ.

ಹೋಗದ ತೊಡಕೊಂದಿದೆ. ಕನ್ನಡದ ಮಗು ಕೇಳಿದಂತೆ ಬರೆಯಲು, ಬರೆದಂತೆ ಓದಲು ಕಲಿತದ್ದು. ಅದು 'ನೈಫ್' ಎಂದು ಕೇಳುತ್ತದೆ, 'ಎನ್' ಅಕ್ಷರದಲ್ಲಿ ಹುಡುಕುತ್ತದೆ, ಸಿಗದೆ ಸೋಲುತ್ತದೆ. ಆ ಶಬ್ದ ಅಡಗಿರುವುದು 'ಕೆ' ಅಕ್ಷರದಲ್ಲಿ. 'ಫೋಟೊ' ಇರುವುದು 'ಪಿ'ಯಲ್ಲಿ, 'ಅವರ್' ಎಂಬ ಗಂಟೆ ಇರುವುದು 'ಎಚ್'ನಲ್ಲಿ. ಹೀಗೆ ಅರ್ಥ ತಿಳಿಯಲು ನಿಘಂಟು ಬೇಕು, ನಿಘಂಟಿನಲ್ಲಿ ಕಾಣಲು ಕಾಗುಣಿತ ಗೊತ್ತಿರಬೇಕು. ಕಾಡ್ರಿಯ ಕಾಲದಲ್ಲಿ ಇದು ಇನ್ನೂ ವಿಕಟವಾಗಿತ್ತು, ಏಕೆಂದರೆ ಆಗ ಇಂಗ್ಲಿಷಿನ ಕಾಗುಣಿತವೇ ನಿಂತಿರಲಿಲ್ಲ. ಅವನ ಮುಖಪುಟದಲ್ಲಿಯೇ 'ವರ್ಡ್ಸ್' ಎಂಬ ಶಬ್ದ ಎರಡು ಬಗೆಯಲ್ಲಿ ಅಚ್ಚಾಗಿದೆ. 'ಐ' ಮತ್ತು 'ಜೆ' ಒಂದೇ ಅಕ್ಷರವೆಂದೂ 'ಯು' ಮತ್ತು 'ವಿ' ಒಂದೇ ಅಕ್ಷರವೆಂದೂ ಎಣಿಸುತ್ತಿದ್ದರು. ಒಂದೂವರೆ ಶತಮಾನದ ಬಳಿಕ ಜಾನ್ಸನ್ ಕೂಡ ಅವುಗಳನ್ನು ಬೆರೆಸಿಯೇ ಜೋಡಿಸಿದನು.

ಕಾಡ್ರಿಯ ಪಟ್ಟಿ ನಾಲ್ಕು ಮುದ್ರಣಗಳನ್ನು ಕಂಡಿತು; 1617ರ ನಾಲ್ಕನೆಯದರಲ್ಲಿ ಶಬ್ದಗಳು 3,000 ಮೀರಿದ್ದವು. ಅಷ್ಟರಲ್ಲಿ ಬುಲೊಕರ್ ಎಂಬವನ ಗ್ರಂಥ 1616ರಲ್ಲಿ ಹೊರಟಿತು, ಕಾಕರಮ್ ಎಂಬವನದು 1623ರಲ್ಲಿ. ಇವೆಲ್ಲವೂ ಕಠಿನ ಶಬ್ದಗಳ ಕೋಶಗಳೇ. ನಾಯಿ, ಮನೆ, ನೀರು ಮುಂತಾದ ಮಾತುಗಳಿಗೂ ನಿಘಂಟಿನಲ್ಲಿ ಸ್ಥಾನವಿರಬೇಕೆಂಬ ವಿಚಾರ ಬೇರೂರಿದ್ದು 1702ರ ಕರ್ಸಿಯ ಕೋಶದಿಂದ ಈಚೆಗೆ. 1721ರಲ್ಲಿ ಕೋಶ ಪ್ರಕಟಿಸಿದ ನೇಥನ್ ಬೈಲಿ ಲಂಡನ್ನಿನ ಸ್ಟೆಪ್ನಿಯಲ್ಲಿ ಶಾಲೆ ನಡೆಸುತ್ತಿದ್ದನು. 1755ರಲ್ಲಿ ಸುಮಾರು 42,000 ಶಬ್ದಗಳ ಮಹಾಕೋಶವನ್ನು ಕೊಟ್ಟ ಸ್ಯಾಮುಯೆಲ್ ಜಾನ್ಸನನೂ ಯೌವನದಲ್ಲಿ ಒಂದು ಶಾಲೆ ತೆರೆದಿದ್ದನು. ವಿದ್ಯಾರ್ಥಿಗಳು ಬೆರಳೆಣಿಕೆಯಷ್ಟೂ ಬಾರದೆ ಅದು ಮುಚ್ಚಿತು. ಅಮೆರಿಕದ ವೆಬ್‌ಸ್ಟರನು ಉಪಾಧ್ಯಾಯ. ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ ಜೇಮ್ಸ್ ಮರ್ರಿ ಆ ಕೆಲಸವನ್ನೊಪ್ಪಿಕೊಂಡಾಗ ಮಿಲ್ ಹಿಲ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದನು. ಹತ್ತು ವರ್ಷಗಳಲ್ಲಿ ಮುಗಿಯಬೇಕೆಂದಿದ್ದ ಕೆಲಸದಲ್ಲಿ ಐದು ವರ್ಷ ಕಳೆದು 1884ರಲ್ಲಿ ಮೊದಲ ಸಂಚಿಕೆ ಹೊರಟಾಗ ಅದು ಮುಟ್ಟಿದ್ದು 'ಆ್ಯಂಟ್' ಎಂಬ ಶಬ್ದದವರೆಗೆ, ಅಂದರೆ ಇರುವೆಯ ತನಕ. ಮರ್ರಿ 1915ರಲ್ಲಿ ತೀರಿಕೊಂಡನು. ನಾಲ್ಕು ಲಕ್ಷಕ್ಕೂ ಮೇಲ್ಪಟ್ಟ ಶಬ್ದಗಳ ಆ ಗ್ರಂಥ ಪೂರ್ಣವಾದುದು 1928ರಲ್ಲಿ.

ಇನ್ನು ನಮ್ಮ ಕಡೆಗೆ. ಇಂಗ್ಲಿಷ್ ಶಬ್ದಗಳಿಗೆ ಕನ್ನಡದಲ್ಲಿ ಅರ್ಥ ಕೊಡುವ ಕೋಶವನ್ನು ಬಳ್ಳಾರಿಯಲ್ಲಿದ್ದ ಲಂಡನ್ ಮಿಶನ್ನಿನ ವಿಲಿಯಂ ರೀವ್ ಸಿದ್ಧಪಡಿಸಿದನು. ಅದು 1824ರಲ್ಲಿ ಮದ್ರಾಸಿನಲ್ಲಿ ಅಚ್ಚಾಯಿತು. ಅವನ ಕನ್ನಡ-ಇಂಗ್ಲಿಷ್ ಕೋಶ ಬಂದದ್ದು 1832ರಲ್ಲಿ. ಇವು ನಮ್ಮ ಮಕ್ಕಳಿಗಾಗಿ ಮಾಡಿದವುಗಳಲ್ಲ. ನಮ್ಮೊಡನೆ ಮಾತಾಡಬೇಕಾದ ಕಂಪೆನಿಯ ಅಧಿಕಾರಿಗೆ, ಉಪದೇಶ ಮಾಡಬೇಕಾದ ಪಾದ್ರಿಗೆ 'ಇದಕ್ಕೆ ಇವರು ಏನೆನ್ನುತ್ತಾರೆ' ಎಂದು ತಿಳಿಯಬೇಕಾಗಿತ್ತು. ಅದೇ ಕೋಶವನ್ನು ಕನ್ನಡದ ಹುಡುಗನು ಕೈಗೆತ್ತಿಕೊಂಡಾಗ ಅದರ ದಿಕ್ಕು ತಿರುಗುತ್ತದೆ. ದೊರೆಗೆ ನಮ್ಮ ಮಾತನ್ನು ಕಲಿಸಲು ಬಂದ ಪುಸ್ತಕ ನಮಗೆ ದೊರೆಯ ಮಾತನ್ನು ಕಲಿಸುತ್ತದೆ. 1876ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರಕಟಿಸಿದ ಜೀಗ್ಲರನ ಇಂಗ್ಲಿಷ್-ಕನ್ನಡ ಕೋಶವು ಹೆಸರಿನಲ್ಲಿಯೇ 'ಶಾಲಾ ನಿಘಂಟು'. ಈ ದೃಷ್ಟಿಯಿಂದ ಅದು ರೀವನ ದೊಡ್ಡ ಕೋಶಕ್ಕಿಂತ ನಮಗೆ ಹತ್ತಿರದ ಬಂಧು.

ಮಂಗಳೂರು ನಮ್ಮ ಕಾಸರಗೋಡಿನಿಂದ ಸುಮಾರು 50 ಕಿಲೋಮೀಟರು. 1956ರ ನವೆಂಬರ್ 1ರಂದು ಕೇರಳ ರಾಜ್ಯವಾಗುವವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಆ ಒಂದೇ ಪಟ್ಟಣದಿಂದ ಇಪ್ಪತ್ತೆರಡು ವರ್ಷಗಳ ಅವಧಿಯಲ್ಲಿ ಹೊರಟ ಕೋಶಗಳನ್ನು ನೋಡಿರಿ: 1872ರಲ್ಲಿ ಗುಂಡರ್ಟನ ಮಲೆಯಾಳ-ಇಂಗ್ಲಿಷ್ ಕೋಶ, 1886ರಲ್ಲಿ ಮೆನ್ನರನ ತುಳು-ಇಂಗ್ಲಿಷ್ ಕೋಶ, 1888ರಲ್ಲಿ ಅವನದೇ ಇಂಗ್ಲಿಷ್-ತುಳು ಕೋಶ, 1894ರಲ್ಲಿ ಸುಮಾರು 70,000 ಶಬ್ದಗಳ ಕಿಟ್ಟೆಲ್ ಕೋಶ. ನಮ್ಮ ತರಗತಿಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತ ಮೂವರ ಮನೆಮಾತುಗಳು ಒಂದೇ ಊರಿನಲ್ಲಿ ಅಕಾರಾದಿಯ ಕ್ರಮಕ್ಕೆ ಬಂದವು. ಮಲೆಯಾಳದ ವರ್ಣಮಾಲೆಗೂ ನಮ್ಮದಕ್ಕೂ ಕ್ರಮ ಒಂದೇ ಆದುದರಿಂದ, ಲಿಪಿ ಕಲಿತ ಕನ್ನಡದ ಹುಡುಗನಿಗೆ ಗುಂಡರ್ಟನ ಕೋಶವನ್ನು ತೆರೆಯಲು ಹೊಸ ಪಾಠ ಬೇಕಿಲ್ಲ. ಆದುದರಿಂದ ಮಲೆಯಾಳದಲ್ಲಿ ಅರ್ಥ ಹೇಳಿದರೆಂದು ನಾವು ಮುನಿಯುವುದಿಲ್ಲ. ನಮ್ಮ ದೂರು ಇಷ್ಟೇ: ಇಂಗ್ಲಿಷ್ ಶಬ್ದಕ್ಕೆ ತನ್ನ ಮಾತಿನಲ್ಲಿ ಅರ್ಥವಿದೆ ಎಂಬುದೇ ಮಗುವಿಗೆ ತಿಳಿಯದೆ ಹೋಗಬಾರದು. ಇಂಗ್ಲಿಷ್ ಶಬ್ದವನ್ನು ಬಲ್ಲ, ಮಲೆಯಾಳದ ಶಬ್ದವನ್ನು ಬಲ್ಲ, ಕನ್ನಡದಲ್ಲಿ ಏನೆನ್ನುವುದೆಂದರೆ ತಲೆ ಕೆರೆಯುವ ಹುಡುಗರನ್ನು ನಾವು ಕಂಡಿದ್ದೇವೆ. ಅವರ ಪ್ರಶ್ನೆಪತ್ರಿಕೆಯೂ ಉತ್ತರಪತ್ರಿಕೆಯೂ ಕನ್ನಡದಲ್ಲೇ ಇರುತ್ತವೆ.

1946ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ಪ್ರಕಟವಾದಾಗ ಕನ್ನಡಿಗರೇ ಕನ್ನಡಿಗರಿಗಾಗಿ ಮಾಡಿದ ಕೋಶ ದೊರಕಿದಂತಾಯಿತು. ಅದರ ಪಾಂಡಿತ್ಯ ದೊಡ್ಡದು. ಆದರೆ ಇಂಗ್ಲಿಷಿನ ಒಂದು ಶಬ್ದಕ್ಕೆ ಇಂಥ ಕೋಶಗಳು ಕೊಡುವ ಸಂಸ್ಕೃತ ಸಮಾಸವನ್ನು ತಿಳಿಯಲು ಇನ್ನೊಂದು ಕೋಶ ಬೇಕಾಗುವ ಪ್ರಸಂಗಗಳೂ ಇವೆ. ಕೆಲವೊಮ್ಮೆ ಮೂಲದ ತಪ್ಪೇ ಭಾಷಾಂತರವಾಗಿ ಬರುತ್ತದೆ. 'ಆಕ್ಸಿಜನ್' ಎಂದರೆ ಆಮ್ಲವನ್ನು ಹುಟ್ಟಿಸುವುದು. ಎಲ್ಲ ಆಮ್ಲಗಳಲ್ಲಿಯೂ ಅದಿರುತ್ತದೆಂದು ಫ್ರಾನ್ಸಿನ ಲವಾಸಿಯೆ ನಂಬಿದ್ದನು. ನಂಬಿಕೆ ಸುಳ್ಳಾಯಿತು, ಹೆಸರು ಉಳಿಯಿತು. ನಾವೂ 'ಆಮ್ಲಜನಕ' ಎಂದು ಅದನ್ನು ಶ್ರದ್ಧೆಯಿಂದ ಕನ್ನಡಿಸಿದೆವು. ಕನ್ನಡ ಶಬ್ದಗಳಿಗೆ ಕನ್ನಡದಲ್ಲೇ ಅರ್ಥ ಹೇಳುವ ಸಾಹಿತ್ಯ ಪರಿಷತ್ತಿನ ನಿಘಂಟು 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದಿತು. ಅದಕ್ಕಾಗಿ ದುಡಿದವರಲ್ಲಿ ಪ್ರಮುಖರಾದ ಜಿ. ವೆಂಕಟಸುಬ್ಬಯ್ಯನವರೂ ಪಾಠ ಹೇಳಿದವರೇ; 1913ರಲ್ಲಿ ಹುಟ್ಟಿ 2021ರಲ್ಲಿ ತೀರಿಕೊಂಡ ಅವರು ನೂರು ದಾಟಿದ ಮೇಲೂ ಶಬ್ದಗಳ ಕೆಲಸವನ್ನು ಬಿಟ್ಟಿರಲಿಲ್ಲ.

ಕಾಡ್ರಿಯ ಪುಸ್ತಕದ ಮೊದಲ ಮುದ್ರಣದ ಪ್ರತಿಗಳಲ್ಲಿ ಇಂದು ಉಳಿದಿರುವುದು ಒಂದೇ ಒಂದು. ಅದು ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ. ಉಳಿದವು ಏನಾದವೆಂದು ಊಹಿಸಲು ನಮಗೆ ಕಷ್ಟವಾಗುವುದಿಲ್ಲ. ನಮ್ಮ ಕಪಾಟಿನ ನಿಘಂಟಿನ ಹಾಳೆಗಳಂತೆ ಅವೂ ಮಕ್ಕಳ ಕೈಯಲ್ಲಿ ಸವೆದುಹೋಗಿರಬೇಕು.

ಆ ಕಪಾಟಿನ ನಿಘಂಟು ಈಗಲೂ ಇದೆ. ಕಳೆದ ವರ್ಷ ಅದನ್ನು ಹೊಲಿಸಿ ರಟ್ಟು ಹಾಕಿಸಿದೆವು. ಅದೇ ಮುದ್ರಣದ ಪೂರ್ಣ ಪ್ರತಿಯೊಂದನ್ನು ಹಿರಿಯರೊಬ್ಬರಿಂದ ಎರವಲು ತಂದು, ಕಳೆದುಹೋದ ಹಾಳೆಗಳನ್ನು ಏಳನೆಯ ತರಗತಿಯ ಮಕ್ಕಳು ಸರದಿಯಂತೆ ದಪ್ಪ ನೋಟುಪುಸ್ತಕದಲ್ಲಿ ನಕಲು ಮಾಡುತ್ತಿದ್ದಾರೆ. ಒಬ್ಬರು ಓದುತ್ತಾರೆ, ಒಬ್ಬರು ಬರೆಯುತ್ತಾರೆ, ಮೂರನೆಯವರು ಕಾಗುಣಿತ ನೋಡುತ್ತಾರೆ. ಈ ಸಂಚಿಕೆಗೆ ಲೇಖನವನ್ನು ಕೊಡುವ ಹೊತ್ತಿಗೆ ಅವರು 'ಆ್ಯಂಕರ್' ಎಂಬಲ್ಲಿಗೆ ಬಂದಿದ್ದಾರೆ. ಅದಕ್ಕೆ ನಿಘಂಟು ಕೊಟ್ಟ ಅರ್ಥ 'ಲಂಗರು'. ಕೆಳಗೆ ಮೀನುಗಾರರ ಮನೆಯ ಹುಡುಗಿಯೊಬ್ಬಳು ತನ್ನ ಮನೆಯಲ್ಲಿ ಅದಕ್ಕೆ ಹೇಳುವ ಹೆಸರನ್ನೂ ಪೆನ್ಸಿಲಿನಲ್ಲಿ ಸೇರಿಸಿದ್ದಾಳೆ. ಅದನ್ನು ಅಳಿಸಬೇಡವೆಂದು ಹೇಳಿದ್ದೇವೆ.